ಪರದೆಯ ಬೆಳಕಿನಿಂದ ಕಾಗದದ ಶಾಯಿಗೆ

ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯಾಗಲಿ, ಹಿರಿಯರೊಬ್ಬರ ಅಭಿನಂದನ ಗ್ರಂಥವಾಗಲಿ, ಇಂದು ಅಚ್ಚಿಗೆ ಬರುವ ಚಿತ್ರಗಳಲ್ಲಿ ಬಹಳಷ್ಟು ಜಾಲತಾಣದಿಂದಲೋ ವಾಟ್ಸ್‌ಆ್ಯಪ್‌ನಿಂದಲೋ ಇಳಿಸಿಕೊಂಡವು. ಮೊಬೈಲಿನಲ್ಲಿ ಹೊಳೆಯುತ್ತಿದ್ದ ಚಿತ್ರ ಪುಟದ ಮೇಲೆ ಮಸುಕಾಗಿ, ಬಣ್ಣ ಬಾಡಿ ಮೂಡಿದಾಗ ದೂರು ಮುದ್ರಣಾಲಯದ ಮೇಲೆ ಬೀಳುತ್ತದೆಯಾದರೂ, ಹಾನಿ ಹೆಚ್ಚಾಗಿ ಕಡತ ಅಲ್ಲಿಗೆ ತಲುಪುವ ಮೊದಲೇ ಆಗಿರುತ್ತದೆ.

ಡಿಜಿಟಲ್ ಚಿತ್ರವೆಂದರೆ ಪಿಕ್ಸೆಲ್‌ಗಳೆಂಬ ಬಣ್ಣದ ಚೌಕಗಳ ಹಾಸು. ಒಳ್ಳೆಯ ಕಾಗದದ ಆಫ್‌ಸೆಟ್ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕೆಂಬುದು ವೃತ್ತಿಯವರ ರೂಢಿಯ ಲೆಕ್ಕವಾಗಿದ್ದು, ಅದರಂತೆ ಎ4 ಪುಟ ತುಂಬಲು 2480 ಅಗಲ, 3508 ಎತ್ತರದ, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್‌ಗಳ ಚಿತ್ರ ಬೇಕಾಗುತ್ತದೆ. ಜಾಲತಾಣದ 1000 ಪಿಕ್ಸೆಲ್ ಅಗಲದ ಚಿತ್ರ ಇದೇ ಲೆಕ್ಕದಲ್ಲಿ ಮೂರೂಕಾಲು ಅಂಗುಲಕ್ಕಿಂತ ತುಸು ಹೆಚ್ಚು ಅಗಲವನ್ನಷ್ಟೇ ತುಂಬೀತು. ಕಡತದಲ್ಲಿ ಅಂಗುಲಕ್ಕೆ 72 ಪಿಕ್ಸೆಲ್ ಎಂದಿರುವ ಸಂಖ್ಯೆಯನ್ನು 300 ಎಂದು ತಿದ್ದಿದ ಮಾತ್ರಕ್ಕೆ ವಿವರ ಹುಟ್ಟುವುದಿಲ್ಲ. ತಂತ್ರಾಂಶ ಹೊಸ ಪಿಕ್ಸೆಲ್‌ಗಳನ್ನು ಸೇರಿಸಿದರೂ ಅವು ಅಕ್ಕಪಕ್ಕದ ಬಣ್ಣಗಳಿಂದ ಊಹಿಸಿದವು. ಕೃತಕ ಬುದ್ಧಿಮತ್ತೆಯ ಸಾಧನಗಳು ಇನ್ನೂ ಮುಂದೆ ಹೋಗಿ, ಇಲ್ಲದ ರೆಪ್ಪೆಗೂದಲನ್ನೂ ಸುಕ್ಕನ್ನೂ ಬರೆದು ಸೇರಿಸುತ್ತವೆ. ಹೂವಿನ ಚಿತ್ರಕ್ಕೆ ಇದು ಒಪ್ಪಬಹುದು, ಆದರೆ ತೀರಿಹೋದ ಅಜ್ಜಿಯ ಮುಖಕ್ಕೆ ಯಾವ ಕಾರಣಕ್ಕೂ ಸಲ್ಲದು, ಏಕೆಂದರೆ ಅಲ್ಲಿ ಅಚ್ಚಾಗುವುದು ಮನೆಯವರು ಎಂದೂ ಕಾಣದ ಮುಖ.

ಎರಡನೆಯ ತೊಡಕು ಸಂಕೋಚನದ್ದು. 1992ರಲ್ಲಿ ಮಾನಕವಾದ ಜೆಪೆಗ್ ವಿಧಾನ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮ ಏರಿಳಿತಗಳನ್ನು ಕೈಬಿಟ್ಟು ಕಡತವನ್ನು ಹಗುರಗೊಳಿಸುತ್ತದೆ. ಹಲವು ಬಾರಿ ಕೈಬದಲಾದ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಸೀರೆಯ ಅಂಚಿನಲ್ಲಿ, ಬಿಳಿ ಗೋಡೆಗೆ ತಾಗಿದ ತಲೆಗೂದಲಿನ ಸುತ್ತ ಈ ಚೌಕಗಳು ಕೊಳೆಯಂತೆ ಕಾಣುತ್ತವೆ. ತಿದ್ದಿ ಉಳಿಸಿದ ಪ್ರತಿ ಸಲವೂ ನಷ್ಟ ಬೆಳೆಯುವುದರಿಂದ, ಮುದ್ರಣದ ಕೆಲಸ ಆರಂಭಿಸುವಾಗಲೇ ಚಿತ್ರವನ್ನು ನಷ್ಟವಿಲ್ಲದೆ ಕಾಪಿಡಬಲ್ಲ ಟಿಫ್ ರೂಪಕ್ಕೆ ತಂದುಕೊಳ್ಳುವುದು ಕ್ಷೇಮ. 1986ರಲ್ಲಿ ಆಲ್ಡಸ್ ಸಂಸ್ಥೆ ರೂಪಿಸಿದ ಈ ಬಗೆ ಇಂದಿಗೂ ಮುದ್ರಕರ ನೆಚ್ಚಿಗೆಯದು. ಆದರೆ ಟಿಫ್ ಇದ್ದುದನ್ನು ಉಳಿಸುತ್ತದೆ, ಕಳೆದುಹೋದುದನ್ನು ಮರಳಿಸದು.

ಬಣ್ಣದ ಮಾತು ಇನ್ನೂ ಸೂಕ್ಷ್ಮವಾದುದು. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿದರೆ, ಕಾಗದದ ಮೇಲೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳು ಬೆಳಕನ್ನು ಹೀರಿ ಬಣ್ಣ ಕಟ್ಟುತ್ತವೆ. ಈ ನಾಲ್ಕು ಶಾಯಿಗಳ ವ್ಯಾಪ್ತಿ ಕಿರಿದಾದ್ದರಿಂದ ಎಳೆ ಭತ್ತದ ಗದ್ದೆಯ ಹಸಿರು, ನವಿಲುಗರಿಯ ನೀಲಿ ಪರದೆಯಲ್ಲಿದ್ದಷ್ಟು ಬೆಳಗಲಾರವು. ಯಾವ ಕಾಗದ, ಯಾವ ಯಂತ್ರ ಎಂಬುದನ್ನು ತಿಳಿಸುವ ಬಣ್ಣದ ಪ್ರೊಫೈಲನ್ನು ಮುದ್ರಣಾಲಯದಿಂದಲೇ ಕೇಳಿ ಪಡೆದು, ಅದರ ಪ್ರಕಾರ ಪರಿವರ್ತಿಸಿ, ಬಾಡುವ ಬಣ್ಣಗಳನ್ನು ಮೊದಲೇ ನೋಡಿ ಹದಗೊಳಿಸಿದರೆ ಅಚ್ಚಾದ ಮೇಲಿನ ನಿರಾಸೆ ತಪ್ಪುತ್ತದೆ.

ಲಾಂಛನ ಮತ್ತು ಅಕ್ಷರಗಳ ದಾರಿ ಬೇರೆ. ಇವುಗಳನ್ನು ಜಾಲತಾಣದಿಂದ ಎತ್ತಿಕೊಳ್ಳದೆ, ಗೆರೆಗಳನ್ನು ಗಣಿತದ ವಕ್ರರೇಖೆಗಳಾಗಿ ಹಿಡಿದಿಡುವ ವೆಕ್ಟರ್ ರೂಪದಲ್ಲಿ ಹೊಸದಾಗಿ ಬರೆಸಬೇಕು, ಆಗ ಅಂಚೆಚೀಟಿಯಷ್ಟಕ್ಕೂ ಗೋಡೆಯಷ್ಟಕ್ಕೂ ಅವು ಒಂದೇ ಚೊಕ್ಕತನದಿಂದ ಮೂಡುತ್ತವೆ. ಕನ್ನಡಕ್ಕಂತೂ ಇದು ತೀರ ಅಗತ್ಯ: ಪಿಕ್ಸೆಲ್‌ಗಳಲ್ಲಿ ಕರಗಿದ ಅಕ್ಷರದಲ್ಲಿ ಮೊದಲು ಮುಚ್ಚಿಹೋಗುವುದು ಒತ್ತಕ್ಷರದ ಒಳಸುಳಿ, ಆಮೇಲೆ ಮಹಾಪ್ರಾಣದ ಸೀಳು, ಅಲ್ಲಿಗೆ ‘ಧನ’ ‘ದನ’ವಾಗಿ ಓದಿಸಿಕೊಳ್ಳುತ್ತದೆ. ಕಪ್ಪು ಅಕ್ಷರಗಳು ಕಪ್ಪು ಶಾಯಿಯೊಂದರಲ್ಲೇ ಇರಬೇಕು; ನಾಲ್ಕೂ ಶಾಯಿ ಬೆರೆತಿದ್ದರೆ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಬದಿಗೆ ಬಣ್ಣದ ನೆರಳು ಬೀಳುತ್ತದೆ. ಕೊನೆಗೆ ಸುತ್ತ 3 ಮಿಲಿಮೀಟರ್ ಕತ್ತರಿಕೆಯ ಅಂಚು ಬಿಟ್ಟು, ಅಕ್ಷರಶೈಲಿಗಳನ್ನು ಒಳಗೇ ಅಡಕಗೊಳಿಸುವ ಪಿಡಿಎಫ್-ಎಕ್ಸ್ ರೂಪದಲ್ಲಿ ಪುಟವನ್ನು ಕಳಿಸುವುದು ವಾಡಿಕೆ. ಅದಕ್ಕೂ ಮುನ್ನ ಚಿತ್ರ ತೆಗೆದವರನ್ನೇ ಹುಡುಕಿ ಒಪ್ಪಿಗೆ ಪಡೆದು, ಕ್ಯಾಮೆರಾದ ಮೂಲ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಸರಿ, ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳಿಸುವಂತೆ ಕೇಳಿಕೊಂಡರೆ, ಮೇಲಿನ ಶ್ರಮದಲ್ಲಿ ಅರ್ಧದಷ್ಟು ಬೇಕಾಗುವುದೇ ಇಲ್ಲ.