ಮನೆಗಿಂತ ಮೊದಲು ನೆಲ: ವಸತಿ ಬಡಾವಣೆಗೆ ಜಾಗ ಗುರುತಿಸುವಾಗ ಪರಿಶೀಲಿಸಬೇಕಾದ ಅಂಶಗಳು



ವಸತಿರಹಿತರಿಗೆ ನಿವೇಶನ ಒದಗಿಸುವ ವಿಷಯ ಸಭೆಯ ಮುಂದೆ ಬಂದಾಗ ಮೊದಲು ಏಳುವ ಪ್ರಶ್ನೆ, ಸರ್ಕಾರಿ ಜಮೀನು ಎಲ್ಲಿದೆ ಎಂಬುದು. ಆ ಜಾಗದಲ್ಲಿ ಜನರು ವರ್ಷವಿಡೀ ಬಾಳಬಹುದೇ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. 2009ರ ಪ್ರವಾಹದ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಕಟ್ಟಿದ ಮನೆಗಳಲ್ಲಿ ಹಲವು, ಮೂಲಸೌಕರ್ಯವಿಲ್ಲದೆ, ಹೊಲಗಳಿಂದ ದೂರವಾಗಿ ಖಾಲಿ ಉಳಿದುದನ್ನು ನಾವು ಕಂಡಿದ್ದೇವೆ. ಆದ್ದರಿಂದ ಠರಾವು ಅಂಗೀಕರಿಸುವ ಮೊದಲೇ ಕೆಳಗಿನ ಅಂಶಗಳನ್ನು ಸ್ಥಳದಲ್ಲಿ ಪರಿಶೀಲಿಸುವುದು ಅವಶ್ಯ.

1. ಜಮೀನು ಮತ್ತು ವಿಸ್ತೀರ್ಣ

30×40 ಅಡಿಯ 100 ನಿವೇಶನಗಳಿಗೆ 1,20,000 ಚದರ ಅಡಿ, ಅಂದರೆ ಸುಮಾರು 2 ಎಕರೆ 30 ಗುಂಟೆ ಬೇಕು. ರಸ್ತೆ, ಚರಂಡಿ, ನೀರಿನ ತೊಟ್ಟಿ, ಅಂಗನವಾಡಿ, ಬಯಲು ಜಾಗ ಸೇರಿಸಿದರೆ 5 ಎಕರೆಯ ಆಸುಪಾಸು ಬೇಕಾಗುತ್ತದೆ. ಪಹಣಿಯನ್ನು ನೋಡಿದರಷ್ಟೇ ಸಾಲದು; ಭೂಮಾಪಕರಿಂದ ಗಡಿ ಗುರುತಿಸಿಕೊಂಡು ಒತ್ತುವರಿ ಇದೆಯೇ ಎಂದು ತಿಳಿಯಬೇಕು. ಗಾಯರಾಣ ಜಮೀನಾದರೆ, 100 ಜಾನುವಾರುಗಳಿಗೆ 30 ಎಕರೆ ಮೇವಿನ ಭೂಮಿ ಇರಬೇಕೆಂಬ ನಿಯಮವನ್ನೂ ಪಾಲಿಸಬೇಕು.

ಖಾಸಗಿ ಬಡಾವಣೆಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಭೂ ಪರಿವರ್ತನೆಯಾದ ಮಾತ್ರಕ್ಕೆ ಬಡಾವಣೆಯ ನಕ್ಷೆಗೆ ಅನುಮೋದನೆ ದೊರೆತಂತಾಗದು. ಅನುಮೋದನೆಯಿಲ್ಲದ ಬಡಾವಣೆಯ ರಸ್ತೆ, ಚರಂಡಿಗಳ ಹೊರೆ ಕೊನೆಗೆ ಪಂಚಾಯತಿಯ ಮೇಲೆಯೇ ಬೀಳುತ್ತದೆ.

2. ಮಣ್ಣು

ಜಿಲ್ಲೆಯ ಬಹುಭಾಗ ಕಪ್ಪು ಎರೆಭೂಮಿ. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕಿನ ಆಳಕ್ಕಿಂತ ಕೆಳಗೆ ತಳಪಾಯ ಇಳಿಯದಿದ್ದರೆ ಗೋಡೆ ಸೀಳುತ್ತದೆ. ಎರೆ ತೆಗೆದು ಗರಸು ತುಂಬುವುದು, ತಳಪಾಯದ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ತೊಲೆ ಕೂಡಿಸುವುದು ಇವುಗಳಿಂದ ವೆಚ್ಚ ಹೆಚ್ಚುತ್ತದೆ. ಆದರೆ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಯಲು ಪ್ರದೇಶದ 25 ಚದರ ಮೀಟರ್ ಮನೆಗೆ ನಿಗದಿಪಡಿಸಿದ 1.20 ಲಕ್ಷ ರೂಪಾಯಿ ಸಹಾಯಧನ ಎರೆಗೂ ಗರಸಿಗೂ ಒಂದೇ. ಹೆಚ್ಚುವರಿ ಖರ್ಚನ್ನು ಫಲಾನುಭವಿ ಕುಟುಂಬ ಸಾಲ ತಂದು ಭರಿಸಬೇಕಾಗುತ್ತದೆ. ಇಲ್ಲವೇ ಮನೆ ತಳಪಾಯದ ಹಂತದಲ್ಲೇ ನಿಲ್ಲುತ್ತದೆ. ಹತ್ತಿರದಲ್ಲಿ ಗಟ್ಟಿ ನೆಲದ ದಿಬ್ಬ ದೊರೆಯುವುದಾದರೆ ಅದಕ್ಕೇ ಆದ್ಯತೆ ನೀಡುವುದು ಒಳಿತು.

3. ಕುಡಿಯುವ ನೀರು

ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. 100 ಮನೆ, ಮನೆಗೆ ಐವರು ಎಂದಿಟ್ಟುಕೊಂಡರೆ ದಿನಕ್ಕೆ 27,500 ಲೀಟರ್ ಬೇಕು. ಕೊಳವೆಬಾವಿಯ ಇಳುವರಿಯನ್ನು ಮಳೆಗಾಲದ ನಂತರ ಅಳೆದರೆ ಲೆಕ್ಕ ತಪ್ಪುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಅಳೆಯಬೇಕು.

ಗುಣಮಟ್ಟದ ಪರೀಕ್ಷೆಯೂ ಕಡ್ಡಾಯವಾಗಿ ಆಗಬೇಕು. ಲೀಟರಿಗೆ ಫ್ಲೋರೈಡ್ 1.5 ಮಿ.ಗ್ರಾಂ, ನೈಟ್ರೇಟ್ 45 ಮಿ.ಗ್ರಾಂ, ಆರ್ಸೆನಿಕ್ 0.01 ಮಿ.ಗ್ರಾಂ ಮೀರುವಂತಿಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಕಂಡುಬಂದುದನ್ನು ನಾವು ಮರೆಯಬಾರದು. ನೀರು ತಿಳಿಯಾಗಿರುವುದು ಶುದ್ಧತೆಗೆ ಸಾಕ್ಷಿಯಲ್ಲ.

4. ಬಚ್ಚಲ ನೀರು, ಬಸಿ ಮತ್ತು ನೆರೆ

ಬಳಸಿದ ನೀರಿನಲ್ಲಿ ಸುಮಾರು 80 ಭಾಗ ಬಚ್ಚಲಿನಿಂದ ಹೊರಬರುತ್ತದೆ. ಮೇಲಿನ ಲೆಕ್ಕದಂತೆ ದಿನಕ್ಕೆ 22,000 ಲೀಟರ್. ಎರೆನೆಲದಲ್ಲಿ ಇಂಗುಗುಂಡಿ ಬಹುಬೇಗ ತುಂಬಿ ನಿಲ್ಲುತ್ತದೆ. ಆದ್ದರಿಂದ ಇಳಿಜಾರು ಯಾವ ಕಡೆಗಿದೆ, ಕೊಳೆನೀರು ಯಾವ ಹಳ್ಳ ಸೇರುತ್ತದೆ, ಅಲ್ಲಿಂದ ಕೆಳಗೆ ಕುಡಿಯುವ ನೀರಿನ ಬಾವಿಗಳಿವೆಯೇ ಎಂಬುದನ್ನು ಮೊದಲೇ ನೋಡಬೇಕು.

ಶಹಾಪುರ, ಸುರಪುರ ತಾಲೂಕುಗಳ ಕಾಲುವೆ ಅಚ್ಚುಕಟ್ಟಿನಲ್ಲಿ ಬಸಿನೀರು ಗೋಡೆಗೆ ಏರುವ ಸಂಭವವಿರುವುದರಿಂದ, ಗದ್ದೆಗಳಿಗಿಂತ ಎತ್ತರದ ಜಾಗವನ್ನೇ ಆರಿಸಬೇಕು. ಕೃಷ್ಣಾ ತೀರದಲ್ಲಿ ನಾರಾಯಣಪುರದ ಬಸವಸಾಗರದಿಂದ ಬಿಡುವ ನೀರು ಮುಟ್ಟುವ ಮಟ್ಟವನ್ನೂ, ಭೀಮಾ ತೀರದಲ್ಲಿ 2020ರ ಅಕ್ಟೋಬರ್ ಪ್ರವಾಹ ಮುಟ್ಟಿದ ಮಟ್ಟವನ್ನೂ ಊರಿನ ಹಿರಿಯರಿಂದ ಕೇಳಿ ನಕ್ಷೆಯಲ್ಲಿ ಗುರುತಿಸಬೇಕು.

5. ದಾರಿ ಮತ್ತು ದುಡಿಮೆ

ಮಳೆಗಾಲದಲ್ಲಿ ಆಂಬುಲೆನ್ಸ್ ಬರುವಂಥ ರಸ್ತೆ, ಮಕ್ಕಳು ನಡೆದು ಹೋಗುವ ದೂರದಲ್ಲಿ ಶಾಲೆ, ಜೆಸ್ಕಾಂ ಮಾರ್ಗ, ಹೊಲಕ್ಕೆ ಹೋಗುವ ದಾರಿ, ದನ ಕಟ್ಟುವ ಸ್ಥಳ ಇವು ಮನೆಯ ಭಾಗವೇ ಆಗಿವೆ. ನಮ್ಮ ಜಿಲ್ಲೆಯಿಂದ ಅನೇಕ ಕುಟುಂಬಗಳು ದುಡಿಮೆಗಾಗಿ ಬೆಂಗಳೂರು ಮೊದಲಾದ ಕಡೆ ಗುಳೆ ಹೋಗುತ್ತವೆ. ಹಂತಹಂತವಾಗಿ ಹಣ ಬಿಡುಗಡೆಯಾಗುವ ವ್ಯವಸ್ಥೆಯಲ್ಲಿ ಮಾಲೀಕರು ಊರಲ್ಲಿಲ್ಲದಿದ್ದರೆ ಕಾಮಗಾರಿ ಕುಂಠಿತವಾಗುತ್ತದೆ. ಅವರು ಊರಲ್ಲಿರುವ ತಿಂಗಳುಗಳನ್ನು ತಿಳಿದು ಕಾಮಗಾರಿ ಆರಂಭಿಸುವುದು ಸೂಕ್ತ.

ಕೊನೆಯದಾಗಿ

ಉದ್ದೇಶಿತ ಜಾಗಕ್ಕೆ ಸದಸ್ಯರು, ಅಭಿವೃದ್ಧಿ ಅಧಿಕಾರಿ ಹಾಗೂ ಇಂಜಿನಿಯರರು ಎರಡು ಸಲ ಭೇಟಿ ನೀಡಬೇಕು: ಒಮ್ಮೆ ದೊಡ್ಡ ಮಳೆಯ ಮರುದಿನ, ಇನ್ನೊಮ್ಮೆ ಕಡುಬೇಸಿಗೆಯಲ್ಲಿ. ಮನೆ ಪಡೆಯಲಿರುವ ಮಹಿಳೆಯರನ್ನೂ ಜೊತೆಗೆ ಕರೆದೊಯ್ಯಬೇಕು. ನೀರಿನ ದೂರವನ್ನು ಅವರಷ್ಟು ಸರಿಯಾಗಿ ಅಳೆಯಬಲ್ಲವರು ವಿರಳ. ಕಂಡ ಕೊರತೆ, ಅದನ್ನು ನೀಗಿಸುವ ಇಲಾಖೆ, ತಗಲುವ ಅಂದಾಜು ವೆಚ್ಚ ಇವನ್ನು ಠರಾವಿನಲ್ಲಿಯೇ ದಾಖಲಿಸಬೇಕು. ಕೊರತೆ ನೀಗದೆಂದು ಕಂಡುಬಂದ ಜಾಗವನ್ನು ಕೈಬಿಡುವ ಅಧಿಕಾರವನ್ನು ಸಭೆ ಸಂಕೋಚವಿಲ್ಲದೆ ಬಳಸಲಿ. ಒಂದು ವರ್ಷ ತಡವಾಗಿ ದೊರೆತ ಒಳ್ಳೆಯ ನಿವೇಶನದಲ್ಲಿ ದೀಪ ಬೆಳಗುತ್ತದೆ. ಅವಸರದಲ್ಲಿ ಹಂಚಿದ ಕೆಟ್ಟ ನಿವೇಶನದಲ್ಲಿ ಜಾಲಿ ಬೆಳೆಯುತ್ತದೆ.