ಉಕ್ಕು ಹೋಯಿತು, ಹಾಡು ಉಳಿಯಿತು

ಸಂಬಳವಿಲ್ಲ, ಬಡ್ತಿಯಿಲ್ಲ. ಆದರೂ ಒಂದು ಊರಿನ ಜನ 120ಕ್ಕೂ ಹೆಚ್ಚು ವರ್ಷಗಳಿಂದ ಕೆಲಸ ಮುಗಿಸಿ ಬಂದು ಒಟ್ಟಿಗೆ ಹಾಡುವ ರೂಢಿ ಉಳಿಸಿಕೊಂಡಿದ್ದಾರೆ ಎಂದರೆ ನಂಬುತ್ತೀರಾ? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೆತ್ಲೆಹೆಮ್ ಪಟ್ಟಣದ ‘ಬಾಖ್ ಕಾಯರ್’ ಅಂಥದ್ದೊಂದು ಗಾಯನ ಸಂಘ. ಇಲ್ಲಿನ ಲೀಹೈ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಬಂದ ಮೇಲೆ ನನಗೆ ಇದರ ಪರಿಚಯವಾಯಿತು. ಇವರ ಉತ್ಸವ ನಡೆಯುವ ಪ್ಯಾಕರ್ ಚರ್ಚ್ ಇರುವುದೇ ನಮ್ಮ ಕ್ಯಾಂಪಸ್ಸಿನಲ್ಲಿ.

ಇವರು ಹಾಡುವುದು ಮುಖ್ಯವಾಗಿ ಬರೋಕ್ ಕಾಲದ ಜರ್ಮನ್ ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ಕೃತಿಗಳನ್ನು. ಅದರಲ್ಲೂ ‘ಬಿ ಮೈನರ್ ಮಾಸ್’ ಇವರ ಪ್ರಾಣ. ಸುಮಾರು ಎರಡು ಗಂಟೆಯ ಕೃತಿ ಅದು. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಧಾಟಿ ಹಿಡಿಯುತ್ತೇವೆ. ಇಲ್ಲಿ ಹೆಚ್ಚಿನ ಭಾಗಗಳಲ್ಲಿ ಐದು ಗುಂಪುಗಳು ಏಕಕಾಲಕ್ಕೆ ಐದು ಧಾಟಿ ಹಾಡುತ್ತವೆ. ಒಂದು ಗುಂಪು ಶುರು ಮಾಡಿದ್ದನ್ನು ಇನ್ನೊಂದು ತುಸು ತಡವಾಗಿ ಎತ್ತಿಕೊಳ್ಳುತ್ತದೆ. ಪಕ್ಕದವರ ಜಾಡಿಗೆ ಬಿದ್ದಿರೋ, ಕಥೆ ಮುಗಿಯಿತು!

ಇದನ್ನು ಊರವರ ಕೈಲಿ ಹಾಡಿಸುವ ಹಟ ತೊಟ್ಟವರು ಇಲ್ಲಿಯವರೇ ಆದ ಆರ್ಗನ್ ವಾದಕ ಜೆ. ಫ್ರೆಡ್ ವೊಲ್ಲೆ. ಅವರ ಮೊದಲ ಗಾಯನ ಸಂಘದವರು ‘ಇಷ್ಟು ಕಷ್ಟದ್ದು ನಮ್ಮಿಂದಾಗದು’ ಎಂದು ಕೈಚೆಲ್ಲಿದರು. ಆ ಸಂಘವೇ ಮುಚ್ಚಿಹೋಯಿತು. ವೊಲ್ಲೆ ಬಿಡಲಿಲ್ಲ. 1898ರಲ್ಲಿ ಹೊಸ ತಂಡ ಹುಟ್ಟಿತು. 1900ರ ಮಾರ್ಚ್ 27ರಂದು ಊರಿನ ಮೊರೇವಿಯನ್ ಚರ್ಚಿನಲ್ಲಿ ಇಡೀ ಕೃತಿ ಅಮೆರಿಕದಲ್ಲೇ ಮೊದಲ ಬಾರಿಗೆ ಪೂರ್ಣವಾಗಿ ಕೇಳಿಸಿತು. ಹಾಡಿದವರು ವೃತ್ತಿಪರ ಗಾಯಕರಲ್ಲ, ಈ ಪುಟ್ಟ ಊರಿನ ನಿವಾಸಿಗಳು.

ಮುಂದಿನ ದಾರಿಯೂ ಸಲೀಸಾಗಿರಲಿಲ್ಲ. 1905ರಲ್ಲಿ ವೊಲ್ಲೆ ಕ್ಯಾಲಿಫೋರ್ನಿಯಾಕ್ಕೆ ಪ್ರಾಧ್ಯಾಪಕರಾಗಿ ಹೊರಟಾಗ ಹಾಡು ನಿಂತೇಹೋಯಿತು. ಅವರನ್ನು ವಾಪಸು ಕರೆತಂದು ಉತ್ಸವಕ್ಕೆ ಮರುಜೀವ ಕೊಡಲು ಬೆನ್ನಿಗೆ ನಿಂತವರು ‘ಬೆತ್ಲೆಹೆಮ್ ಸ್ಟೀಲ್’ ಕಂಪನಿಯ ದೊರೆ ಚಾರ್ಲ್ಸ್ ಶ್ವಾಬ್. 1912ರಿಂದ ಉತ್ಸವ ಲೀಹೈಗೆ ಬಂತು. ಕಾರ್ಖಾನೆಯ ದುಡ್ಡಿಲ್ಲದಿದ್ದರೆ ಹಾಡು ಮತ್ತೆ ಚಿಗುರುವುದು ಕಷ್ಟವಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಆದರೆ ಮುಂದೆ ಏನಾಯಿತು ನೋಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸುಮಾರು 30 ಸಾವಿರ ಜನರಿಗೆ ಅನ್ನ ಕೊಟ್ಟಿದ್ದ ಆ ಕಾರ್ಖಾನೆ 1995ರಲ್ಲಿ ಇಲ್ಲಿ ಉಕ್ಕು ಕರಗಿಸುವುದನ್ನು ನಿಲ್ಲಿಸಿತು. 2001ರಲ್ಲಿ ಕಂಪನಿ ದಿವಾಳಿಯಾಯಿತು. ಆರಿದ ಕುಲುಮೆಗಳು ಇಂದಿಗೂ ನದಿಯ ದಡದಲ್ಲಿ ತುಕ್ಕು ಹಿಡಿದು ನಿಂತಿವೆ. ಹಾಡು ಮಾತ್ರ ನಿಲ್ಲಲಿಲ್ಲ. 2003ರಲ್ಲಿ ತಂಡ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೂ ಹೋಗಿಬಂತು.

ನನಗಿದು ಬರೀ ಇತಿಹಾಸವಲ್ಲ. ಓದು ಮುಗಿದಿದೆ, ಕೆಲಸ ಸಿಕ್ಕಿಲ್ಲ. ವೀಸಾ ನಿಯಮದ ಪ್ರಕಾರ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ಬೆಳಗಾದರೆ ಅರ್ಜಿ, ಸಂಜೆಯಾದರೆ ‘ವಿಷಾದಿಸುತ್ತೇವೆ’ ಎಂಬ ಇ–ಮೇಲ್. ಊರಿಂದ ಅಮ್ಮ ಫೋನ್ ಮಾಡಿ ‘ಏನಾಯ್ತೋ ಮಗಾ?’ ಎಂದರೆ ಉತ್ತರವಿಲ್ಲ. ಅಂಥ ದಿನಗಳಲ್ಲೇ ಈ ತಂಡದ ಮಧ್ಯಾಹ್ನದ ಉಚಿತ ಕಛೇರಿಗೆ ಹೋಗಿ ಕುಳಿತೆ. ಹಾಡುತ್ತಿದ್ದವರ ಹುದ್ದೆ ಏನೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ತಮ್ಮ ಸಾಲು ಬಂದಾಗ ಸರಿಯಾಗಿ ದನಿಗೂಡಿಸಿದರೆ ಸಾಕಿತ್ತು.

ಹಾಡು ಕೆಲಸ ಕೊಡಿಸುವುದಿಲ್ಲ, ಬಾಡಿಗೆ ಕಟ್ಟುವುದಿಲ್ಲ. ಆದರೆ ಕಂಪನಿಯ ಗುರುತಿನ ಚೀಟಿ ಇಲ್ಲದಾಗಲೂ ನಾವು ಯಾರೋ ಆಗಿರುತ್ತೇವೆ ಎಂದು ನೆನಪಿಸುತ್ತದೆ. ಈಗ ನಾವು ಆರು ಕನ್ನಡದ ಗೆಳೆಯರು ಭಾನುವಾರ ಸಂಜೆ ಸೇರಿ ಭಾವಗೀತೆ ಹಾಡುತ್ತೇವೆ. ಶ್ರುತಿ ಆಗಾಗ ತಪ್ಪುತ್ತದೆ, ಹಾಜರಿ ತಪ್ಪುವುದಿಲ್ಲ. ನಿಮ್ಮ ಹಾಸ್ಟೆಲಿನಲ್ಲೋ ಪಿ.ಜಿ.ಯಲ್ಲೋ ನಾಲ್ಕು ಜನ ಸಿಕ್ಕರೆ ಶುರು ಮಾಡಿ. ಆಫರ್ ಲೆಟರ್ ಬರಲಿ ಎಂದು ಕಾಯಬೇಡಿ.