ಹಗಲು ಪಾಠ, ಬಿಡುವಿನಲ್ಲಿ ಕಾಮಿಕ್ಸ್: ಯಾಂಗ್ ಮೇಷ್ಟ್ರ ಎರಡು ದೋಣಿಯ ಪಯಣ

ಎರಡು ದೋಣಿಯ ಮೇಲೆ ಕಾಲಿಟ್ಟವನು ದಡ ಸೇರುವುದಿಲ್ಲ ಎಂಬುದು ಹಿರಿಯರ ಮಾತು. ದಿನವಿಡೀ ಪಾಠ, ಸಂಜೆಗೆ ಉತ್ತರಪತ್ರಿಕೆಗಳ ಕಟ್ಟು, ನಡುವೆ ಸಭೆಗಳು. ಇವುಗಳ ಮಧ್ಯೆ ಚಿತ್ರ ಬಿಡಿಸುವ ಹಂಬಲವುಳ್ಳ ಶಿಕ್ಷಕರಿಗೆ ಈ ಮಾತಿನ ಬಿಸಿ ಚೆನ್ನಾಗಿಯೇ ತಟ್ಟಿರುತ್ತದೆ. ಆದರೂ 17 ವರ್ಷಗಳ ಕಾಲ ಎರಡೂ ದೋಣಿಗಳನ್ನು ಸಾಗಿಸಿದವರು ಅಮೆರಿಕದ ಕಾಮಿಕ್ಸ್ ಕಲಾವಿದ ಜೀನ್ ಲುಯೆನ್ ಯಾಂಗ್.

ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ ಯಾಂಗ್, ಸಾಫ್ಟ್‌ವೇರ್ ಉದ್ಯೋಗ ತೊರೆದು ಓಕ್‌ಲೆಂಡ್‌ನ ಬಿಷಪ್ ಓ'ಡೌಡ್ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಶಿಕ್ಷಕರಾದರು. ಮನೆ ನಡೆಸಲು ಸಂಬಳವಿತ್ತು. ಹೀಗಾಗಿ ಕಾಮಿಕ್ಸ್‌ನಿಂದ ಹಣ ಬರಲೇಬೇಕೆಂಬ ಒತ್ತಡವಿರಲಿಲ್ಲ. ಇರದಿದ್ದುದು ಸಮಯ ಮಾತ್ರ.

ಕಂತಿನಲ್ಲಿ ಕೃತಿ

ಇದಕ್ಕೆ ಅವರು ಕಂಡುಕೊಂಡ ದಾರಿ ಸರಳ. ಇಡೀ ಪುಸ್ತಕದ ಚಿಂತೆ ಬಿಟ್ಟು ಒಂದೊಂದೇ ಅಧ್ಯಾಯ ಮುಗಿಸುವುದು, ಅದನ್ನು ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಕೆಲವೇ ಪ್ರತಿಗಳನ್ನು ಮಾರುವುದು. ಹೀಗೆ ಸುಮಾರು ಐದು ವರ್ಷಗಳಲ್ಲಿ ಬೆಳೆದ 'ಅಮೆರಿಕನ್ ಬಾರ್ನ್ ಚೈನೀಸ್' 2006ರಲ್ಲಿ ಪುಸ್ತಕವಾಯಿತು. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿ ಸೇರಿದ ಮೊದಲ ಗ್ರಾಫಿಕ್ ಕಾದಂಬರಿ ಅದು. 2007ರಲ್ಲಿ ಪ್ರಿಂಟ್ಜ್ ಪ್ರಶಸ್ತಿಯೂ ದೊರೆಯಿತು.

ಈ ಕೃತಿಯಲ್ಲಿ ಬರುವ ವಾನರರಾಜ, ಚೀನಾದ 'ಪಶ್ಚಿಮ ಯಾತ್ರೆ' ಎಂಬ ಹಳೆಯ ಕಾದಂಬರಿಯ ನಾಯಕ. ಆ ಕಾದಂಬರಿಯ ಯಾತ್ರಿಕ ಸನ್ಯಾಸಿಯ ಮೂಲ, ಇಮ್ಮಡಿ ಪುಲಿಕೇಶಿಯ ನಾಡನ್ನು ವರ್ಣಿಸಿದ ಹ್ಯೂಯೆನ್ ತ್ಸಾಂಗ್ ಎಂಬುದು ಕನ್ನಡಿಗರಿಗೆ ಆಸಕ್ತಿಯ ಸಂಗತಿ.

ಬೀಜಗಣಿತಕ್ಕೂ ಚಿತ್ರ

ಕಲೆ ಮತ್ತು ಪಾಠ ಬೇರೆ ಬೇರೆಯಾಗಿಯೇ ಇರಬೇಕೆಂದೇನಿಲ್ಲ ಎಂಬುದು ಯಾಂಗ್ ಅವರಿಗೆ ಆಕಸ್ಮಿಕವಾಗಿ ತಿಳಿಯಿತು. ಒಮ್ಮೆ ಅವರು ರಜೆಯಲ್ಲಿದ್ದ ಸಹೋದ್ಯೋಗಿಯ ಬದಲಿಗೆ ಬೀಜಗಣಿತ ಕಲಿಸಬೇಕಾಯಿತು. ಶಾಲೆಯ ತಂತ್ರಜ್ಞಾನದ ಹೊಣೆಯೂ ಅವರದೇ ಆಗಿದ್ದರಿಂದ ಕೆಲವು ತರಗತಿಗಳು ತಪ್ಪುತ್ತಿದ್ದವು. ಮೊದಲು ಪಾಠವನ್ನು ವಿಡಿಯೊ ಮಾಡಿಟ್ಟರು. ಮಕ್ಕಳಿಗೆ ಅದು ರುಚಿಸಲಿಲ್ಲ. ಬಳಿಕ ಅದೇ ಪಾಠವನ್ನು ಕಾಮಿಕ್ಸ್ ರೂಪದಲ್ಲಿ ಬರೆದುಕೊಟ್ಟರು. ಮಕ್ಕಳು ಇನ್ನಷ್ಟು ಬೇಕೆಂದರು.

ಕಾರಣವೂ ಸ್ಪಷ್ಟ. ಮಾತು ಆಡಿದೊಡನೆ ಮಾಯವಾಗುತ್ತದೆ. ವಿಡಿಯೊ ತನ್ನದೇ ವೇಗದಲ್ಲಿ ಓಡುತ್ತದೆ. ಕಾಮಿಕ್ಸ್ ಪುಟವಾದರೋ ಕಣ್ಣೆದುರೇ ನಿಂತಿರುತ್ತದೆ. ಅರ್ಥವಾಗದ ಹೆಜ್ಜೆಯನ್ನು ಮತ್ತೆ ಓದಬಹುದು, ಅರ್ಥವಾದುದನ್ನು ದಾಟಿ ಹೋಗಬಹುದು. ಓದಿನ ವೇಗ ಓದುವವನ ಕೈಯಲ್ಲಿರುತ್ತದೆ. ಮುಂದೆ ಇದೇ ವಿಷಯ ಯಾಂಗ್ ಅವರ ಸ್ನಾತಕೋತ್ತರ ಅಧ್ಯಯನಕ್ಕೂ ವಸ್ತುವಾಯಿತು.

ಆಯ್ಕೆಯ ಗಳಿಗೆ

ಆದರೆ ಸಮತೋಲನ ಎಂದೆಂದಿಗೂ ಉಳಿಯುವಂಥದ್ದಲ್ಲ. 'ಸೂಪರ್‌ಮ್ಯಾನ್' ಕಥೆ ಬರೆಯುವ ಅವಕಾಶ ಬಂದಾಗ ಶಾಲೆ, ಸಂಸಾರ, ಕಾಮಿಕ್ಸ್ ಮೂರನ್ನೂ ಹೊರುವುದು ಕಷ್ಟವಾಯಿತು. 2015ರಲ್ಲಿ ಯಾಂಗ್ ಶಾಲೆ ಬಿಟ್ಟರು. ನಿರ್ಧಾರ ಸುಲಭವಾಗಿರಲಿಲ್ಲ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಕಥೆ ಹೇಳುವ 'ಡ್ರ್ಯಾಗನ್ ಹೂಪ್ಸ್' (2020) ಕೃತಿಯಲ್ಲಿ ಆ ತೊಳಲಾಟವನ್ನು ಅವರೇ ಚಿತ್ರಿಸಿದ್ದಾರೆ. 2016ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಸಂದಿತು.

ಹಾಗೆಂದು ಮೇಷ್ಟ್ರುತನ ಅವರನ್ನು ಬಿಟ್ಟಿಲ್ಲ. ಮೈಕ್ ಹೋಮ್ಸ್ ಜತೆಗೂಡಿ 2015ರಲ್ಲಿ ಆರಂಭಿಸಿದ 'ಸೀಕ್ರೆಟ್ ಕೋಡರ್ಸ್' ಸರಣಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತದೆ. ತರಗತಿಯ ಕರಿಹಲಗೆಯ ಪಾಠ ಕಾಮಿಕ್ಸ್ ಪುಟಕ್ಕೆ ಬಂದಿದೆ, ಅಷ್ಟೆ.